ಕೊಟ್ಟವರ ಖಾತೆಯಲ್ಲಿ ಏನು ಬರೆಯಬೇಕು?

ನಮ್ಮ ಸಾಹಿತ್ಯ ವೃಂದದ ಹಿಂದಿನ ಕೂಟದಲ್ಲಿ ‘ಕೆರೆಗೆ ಹಾರ’ ಕಥನಗೀತೆಯ ಮೇಲೆ ಮಾತುಕತೆ ನಡೆದದ್ದು ನಿಮಗೆ ನೆನಪಿರಬಹುದು. ಭಾಗೀರಥಿಯದು ತ್ಯಾಗವೋ, ಅವಳ ಕೊಲೆಯೋ ಎಂಬ ವಿಷಯಕ್ಕೆ ವಾದ ಬೆಳೆದು, ಚಹಾ ಆರಿಹೋಗಿ, ಕೊನೆಗೆ ಅಧ್ಯಕ್ಷರು ಗಡಿಯಾರ ತೋರಿಸಿ ನಮ್ಮನ್ನೆಲ್ಲ ಹೊರಗೆ ಕಳಿಸಬೇಕಾಯಿತು. ಮೆಟ್ಟಿಲಿಳಿಯುವಾಗ ಒಬ್ಬ ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿ, “ನೀನು ಕ್ರಿಶ್ಚಿಯನ್ ಅಲ್ವಾ? ನಿಮ್ಮ ಧರ್ಮ ನಿಂತಿರೋದೇ ತ್ಯಾಗದ ಮೇಲೆ ಅಂತಾರೆ. ಈಗಿನ ಕಾಲದಲ್ಲಿ ಅದನ್ನ ಹೆಂಗಪ್ಪಾ ಮಾಡ್ತೀರಿ? ಶಿಲುಬೆ ಹೊತ್ಕೊಂಡು ಮೆಟ್ರೋ ಹತ್ತೋಕಾಗುತ್ತಾ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಚಿಕ್ಕಂದಿನಿಂದ ಭಾನುವಾರ ತಪ್ಪಿಸದೆ ಚರ್ಚಿಗೆ ಹೋದವನು ನಾನು. ಆದರೂ ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಗೊತ್ತಿಲ್ಲವಲ್ಲ ಎಂದು ರಾತ್ರಿಯೆಲ್ಲ ಕೊರೆಯಿತು. ಆ ಕೊರೆತದ ಫಲವೇ ಈ ಲೇಖನ. ನಾನು ಪಂಡಿತನಲ್ಲ, ಪಾದ್ರಿಯೂ ಅಲ್ಲ. ಬಿ.ಕಾಂ. ಓದುವ ಹುಡುಗ. ಹಾಗಾಗಿ ನನಗೆ ಗೊತ್ತಿರುವ ಜಮಾ-ಖರ್ಚಿನ ಭಾಷೆಯಲ್ಲೇ ಇದನ್ನು ಬಿಡಿಸಿ ಹೇಳಲು ಯತ್ನಿಸುತ್ತೇನೆ. ಯಾರನ್ನೂ ನನ್ನ ಧರ್ಮಕ್ಕೆ ಕರೆಯಲು ಬರೆಯುತ್ತಿಲ್ಲ. ಗೆಳೆಯನಿಗೆ ಉತ್ತರ ಕೊಡಬೇಕಾಗಿದೆ, ಅಷ್ಟೆ.

ನಮ್ಮೂರು ಬೆಟಗೇರಿ, ಗದಗಿನ ಜೋಡಿ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಬಂದು ನೆಲೆ ನಿಂತ ಊರುಗಳಲ್ಲಿ ಅದೂ ಒಂದು. ನಮ್ಮ ಮನೆಯ ಪ್ರಾರ್ಥನೆ, ಬೈಗುಳ, ಲೆಕ್ಕ ಎಲ್ಲವೂ ಕನ್ನಡದಲ್ಲಿ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ. ಈಗ ದಿಲ್ಲಿಯ ವಸಂತ್ ಕುಂಜ್‌ನಲ್ಲಿ, ಡಿಡಿಎ ಫ್ಲಾಟೊಂದರ ಮೂರನೇ ಮಹಡಿಯಲ್ಲಿ, ನನ್ನ ಅತ್ತೆಯ ಜೊತೆಗಿದ್ದೇನೆ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಅವಳ ವಿಷಯ ಮುಂದೆ ಬರುತ್ತದೆ.

ಮೂರು ಮಾತುಗಳು

ಮೊದಲು ಶಬ್ದಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ‘ಬಲಿ’, ‘ತ್ಯಾಗ’, ‘ಸೇವೆ’ ಈ ಮೂರನ್ನೂ ನಾವು ಕಲಸಿ ಮಾತಾಡುತ್ತೇವೆ. ಬಲಿ ಎಂದರೆ ದೇವರಿಗೆ ಏನನ್ನಾದರೂ ಅರ್ಪಿಸುವುದು. ಹೆಚ್ಚಿನ ಸಲ ಅದು ಇನ್ನೊಂದು ಜೀವ. ತ್ಯಾಗ ಎಂದರೆ ತನ್ನದನ್ನು ತಾನೇ ಬಿಡುವುದು. ಸೇವೆ ಎಂದರೆ ಬಿಟ್ಟದ್ದು ಇನ್ನೊಬ್ಬರಿಗೆ ತಲುಪುವುದು. ಕೈಬಿಟ್ಟದ್ದು ಯಾರಿಗೂ ತಲುಪದಿದ್ದರೆ ಅದು ಬರೀ ನಷ್ಟ.

ಕ್ರೈಸ್ತ ನಂಬಿಕೆಯ ಪ್ರಕಾರ ಯೇಸುವಿನ ಮರಣದ ನಂತರ ಪ್ರಾಣಿಬಲಿಯ ಅಗತ್ಯ ತೀರಿತು. ದೇವರು ಕೇಳುವುದು ಇನ್ನೊಬ್ಬರ ರಕ್ತವನ್ನಲ್ಲ. ಆತನೇ ಕೊಡುವವನಾದ ಎಂಬುದು ಅದರ ಸಾರ. ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಕ್ರಿಸ್ತನು ತನ್ನ ದೊಡ್ಡಸ್ತಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳದೆ ತನ್ನನ್ನು ಬರಿದು ಮಾಡಿಕೊಂಡು ದಾಸನಂತಾದ ಎಂಬ ಅರ್ಥದ ಮಾತು ಬರುತ್ತದೆ. ಕೊಡ ಬರಿದಾದರೆ ನೀರು ಎಲ್ಲಿಗೋ ಹೋಗಿರಲೇಬೇಕಲ್ಲ? ಹಾಗೆ.

ಶಿಲುಬೆಯ ವಿಷಯವೂ ಸ್ವಲ್ಪ ಹೇಳಬೇಕು. ಇವತ್ತು ಅದು ಕೊರಳಿನ ಚಿನ್ನದ ಪದಕ. ರೋಮನ್ನರ ಕಾಲದಲ್ಲಿ ಅದು ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ, ಮರ್ಯಾದಸ್ಥರು ಬಾಯಲ್ಲಿ ಆಡಲೂ ಹೇಸುತ್ತಿದ್ದ ವಸ್ತು. ಆದ್ದರಿಂದ ಶಿಲುಬೆ ಹೊರುವುದೆಂದರೆ ಬಂದ ಕಷ್ಟವನ್ನೆಲ್ಲ ಗೊಣಗದೆ ನುಂಗುವುದಲ್ಲ. ಬಸ್ಸು ತಪ್ಪಿದ್ದು, ಮಂಡಿನೋವು, ಸಿಡುಕಿನ ಮೇಷ್ಟರು, ಇವು ಯಾವುವೂ ಶಿಲುಬೆಯಲ್ಲ. ಇನ್ನೊಬ್ಬರಿಗಾಗಿ, ಗೊತ್ತಿದ್ದೂ, ಬೇಕಾದರೆ ತಪ್ಪಿಸಿಕೊಳ್ಳಬಹುದಾಗಿದ್ದೂ, ಹೆಗಲು ಕೊಟ್ಟರೆ ಅದು ಶಿಲುಬೆ.

ಯೇಸು ಹೇಳಿದ ಸಾಮತಿಗಳಲ್ಲಿ ಕಾಮರ್ಸ್ ವಿದ್ಯಾರ್ಥಿಗೆ ತುಂಬ ಹಿಡಿಸುವ ಒಂದಿದೆ. ಲೂಕನ ಸುವಾರ್ತೆಯಲ್ಲಿದೆ. ದಾರಿಯಲ್ಲಿ ಕಳ್ಳರು ಬಡಿದು ಬಿಸಾಡಿದ ಒಬ್ಬ ಮನುಷ್ಯ. ಯಾಜಕ ಬಂದ, ಓರೆಯಾಗಿ ಹೋದ. ಲೇವಿಯ ಬಂದ, ಅವನೂ ಹೋದ. ಆಮೇಲೆ ಬಂದವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನಾಂಗದವನು. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿಕೊಂಡ. ಛತ್ರಕ್ಕೆ ಒಯ್ದು, ಛತ್ರದವನ ಕೈಗೆ ಎರಡು ದಿನಾರಿ ಇಟ್ಟ. ಆ ಕಾಲಕ್ಕೆ ಒಂದು ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಹೆಚ್ಚಿಗೆ ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆಂದು ಹೇಳಿ ತನ್ನ ಕೆಲಸಕ್ಕೆ ಹೋದ.

ಗಮನಿಸಿ. ಅವನು ಸಾಯಲಿಲ್ಲ. ಮನೆ-ಮಠ ಮಾರಲಿಲ್ಲ. ಎಣ್ಣೆ, ವಾಹನ, ಒಂದು ರಾತ್ರಿ, ಎರಡು ದಿನದ ಕೂಲಿ, ಮೇಲೆ ಒಂದು ಸಾಲದ ಭರವಸೆ. ಐದು ಬಾಬತ್ತು. ಇದು ನಮ್ಮಂಥವರೂ ಮಾಡಬಹುದಾದ ಲೆಕ್ಕ. ಇನ್ನೊಂದು ಮಾತು: ಛತ್ರದವನಿಗೆ “ನೀನೂ ಪುಕ್ಕಟೆ ಸೇವೆ ಮಾಡು” ಅಂತ ಅವನು ಉಪದೇಶ ಕೊಡಲಿಲ್ಲ. ದುಡ್ಡು ಕೊಟ್ಟ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡವರ ಲೆಕ್ಕ

ತ್ಯಾಗ ಅಂದಕೂಡಲೇ ಎಲ್ಲರೂ ಪ್ರಾಣತ್ಯಾಗದ ಉದಾಹರಣೆ ಕೊಡುತ್ತಾರೆ. ಅಂಥವು ಇವೆ. 1941ರಲ್ಲಿ ಆಶ್ವಿಟ್ಜ್ ಎಂಬ ನಾಜಿ ಸೆರೆಶಿಬಿರದಲ್ಲಿ ಒಬ್ಬ ಕೈದಿ ತಪ್ಪಿಸಿಕೊಂಡನೆಂದು ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಗಯೋವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಸಾಲಿನಲ್ಲಿದ್ದ ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಪೋಲೆಂಡಿನ ಪಾದ್ರಿ ಮುಂದೆ ಬಂದು ಅವನ ಜಾಗದಲ್ಲಿ ತಾನು ಹೋಗುತ್ತೇನೆಂದ. ಎರಡು ವಾರ ಅನ್ನ ನೀರಿಲ್ಲದೆ ಬದುಕಿದ್ದವನಿಗೆ ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿದರು. ಗಯೋವ್ನಿಚೆಕ್ ಉಳಿದ, 1995ರವರೆಗೂ ಬಾಳಿದ.

ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ನಿಜ ಹೇಳಬೇಕೆಂದರೆ, ಇಂಥ ಕಥೆ ನನಗೆ ಒಂದು ನೆಪವೂ ಆಗುತ್ತದೆ. ‘ಅಂಥ ಸಂದರ್ಭ ಬಂದರೆ ನೋಡೋಣ’ ಎಂದು ಹಾಯಾಗಿ ಮಲಗಿಬಿಡಬಹುದು. ಅಂಥ ಸಂದರ್ಭ ಬರುವುದೇ ಇಲ್ಲವಲ್ಲ! ಅದಕ್ಕೇ ಸ್ವಲ್ಪ ಹತ್ತಿರದ, ಸಾಯದೆ ಮಾಡಿದ ತ್ಯಾಗಗಳನ್ನು ನೋಡೋಣ.

ಒಂದು ನಮ್ಮ ದಿಲ್ಲಿಯದೇ. 1904ರಲ್ಲಿ ಚಾರ್ಲ್ಸ್ ಫ್ರೀಯರ್ ಆಂಡ್ರ್ಯೂಸ್ ಎಂಬ ಇಂಗ್ಲಿಷ್ ಪಾದ್ರಿ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಪಾಠ ಹೇಳಲು ಬಂದರು. ಆಗ ಆ ಕಾಲೇಜು ಕಾಶ್ಮೀರಿ ಗೇಟಿನಲ್ಲಿತ್ತು. 1906ರಲ್ಲಿ ಪ್ರಿನ್ಸಿಪಾಲರ ಸ್ಥಾನ ತೆರವಾಯಿತು. ಅಲ್ಲಿ ಬಹಳ ವರ್ಷ ದುಡಿದಿದ್ದ ಸುಶೀಲ್ ಕುಮಾರ್ ರುದ್ರ ಎಂಬ ಬಂಗಾಳಿ ಕ್ರೈಸ್ತರು ಇದ್ದರು. ಆದರೆ ಬಿಳಿಯರ ಕಾಲೇಜಿಗೆ ಭಾರತೀಯ ಪ್ರಿನ್ಸಿಪಾಲ್ ಆಗುವುದುಂಟೆ? ಆಂಡ್ರ್ಯೂಸ್ ತಮಗೆ ಆ ಕುರ್ಚಿ ಬೇಡ, ರುದ್ರರಿಗೇ ಸಲ್ಲಬೇಕೆಂದು ಪಟ್ಟು ಹಿಡಿದವರಲ್ಲಿ ಮುಖ್ಯರು. ರುದ್ರ ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರಾದರು. ಆಂಡ್ರ್ಯೂಸ್ ಅವರ ಕೈಕೆಳಗೆ ಸಂತೋಷದಿಂದ ದುಡಿದರು. 1915ರಲ್ಲಿ ಗಾಂಧೀಜಿ ದಿಲ್ಲಿಗೆ ಬಂದಾಗ ಇಳಿದುಕೊಂಡದ್ದು ಇದೇ ರುದ್ರರ ಮನೆಯಲ್ಲಿ.

ಇಲ್ಲಿ ಯಾರೂ ರಕ್ತ ಸುರಿಸಲಿಲ್ಲ. ಒಂದು ಕುರ್ಚಿ, ಅಷ್ಟೆ. ಆದರೆ ಕುರ್ಚಿ ಬಿಡುವುದು ಎಷ್ಟು ಕಷ್ಟ ಎಂದು ನಮ್ಮ ವೃಂದದ ಚುನಾವಣೆ ನೋಡಿದ ನಿಮಗೆ ನಾನು ಹೇಳಬೇಕಾಗಿಲ್ಲ!

1914ರ ಜನವರಿಯಲ್ಲಿ ಆಂಡ್ರ್ಯೂಸ್ ಡರ್ಬನ್ ಬಂದರಿನಲ್ಲಿ ಇಳಿದು ಗಾಂಧಿಯವರ ಕಾಲು ಮುಟ್ಟಿ ನಮಸ್ಕರಿಸಿದಾಗ ಅಲ್ಲಿಯ ಬಿಳಿಯರು ಕಿಡಿಕಿಡಿಯಾದರು. ಮುಂದೆ 1915 ಮತ್ತು 1917ರಲ್ಲಿ ಫಿಜಿ ದ್ವೀಪಕ್ಕೆ ಹೋಗಿ, ಕಬ್ಬಿನ ತೋಟಗಳಲ್ಲಿ ಐದು ವರ್ಷದ ಕರಾರಿನ ಮೇಲೆ ಜೀತದಂತೆ ದುಡಿಯುತ್ತಿದ್ದ ಭಾರತೀಯರ ಪಾಡನ್ನು ಬರೆದು ಲೋಕಕ್ಕೆ ತಿಳಿಸಿದರು. ಆ ಕರಾರಿಗೆ ಕೂಲಿಗಳು ‘ಗಿರ್ಮಿಟ್’ ಅನ್ನುತ್ತಿದ್ದರು. ನಮ್ಮ ಗದಗ-ಹುಬ್ಬಳ್ಳಿಯ ಚುರುಮುರಿ ಗಿರ್ಮಿಟ್ ಅಲ್ಲ, ‘ಅಗ್ರಿಮೆಂಟ್’ ಎಂಬ ಮಾತು ಹಳ್ಳಿಯವರ ಬಾಯಲ್ಲಿ ಹಾಗಾದದ್ದು. 1920ರ ಆರಂಭದಲ್ಲಿ ಫಿಜಿಯ ಕೂಲಿಗಳ ಕರಾರು ರದ್ದಾಯಿತು. ಅದಕ್ಕೆ ದುಡಿದವರು ಹಲವರು, ಆಂಡ್ರ್ಯೂಸ್ ಅವರಲ್ಲಿ ಒಬ್ಬರು. ದೀನಬಂಧು ಎಂಬ ಹೆಸರು ಅವರಿಗೆ ಸುಮ್ಮನೆ ಬರಲಿಲ್ಲ. ತನ್ನ ಜನಾಂಗದವರ ಮೆಚ್ಚಿಗೆಯನ್ನು ಬಿಟ್ಟುಕೊಡುವುದೂ ಒಂದು ತ್ಯಾಗವೇ.

ಇನ್ನೆರಡು ನಮ್ಮ ನಾಡಿನವು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ಆಗ ಆ ರೋಗಕ್ಕೆ ಗುಣವಾಗುವ ಮದ್ದೇ ಇರಲಿಲ್ಲ. ಗುಣವಾಗದವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಎಂಥ ಕೆಲಸ ಎಂದು ಯೋಚಿಸಿ. ಗೆಲುವಿನ ಸುದ್ದಿ ಎಂದೂ ಬರದ ಕೆಲಸ. 1910ರಲ್ಲಿ ಅವರು ಮಂಗಳೂರಿನಲ್ಲೇ ತೀರಿಕೊಂಡರು. ಅವರ ಹೆಸರಿನ ದೊಡ್ಡ ಆಸ್ಪತ್ರೆ ಅಲ್ಲೇ ಇದೆ.

ಇನ್ನೊಬ್ಬರ ಹೆಸರು ಹೇಳದಿದ್ದರೆ ಕನ್ನಡ ವಿದ್ಯಾರ್ಥಿಗಳು ನನ್ನನ್ನು ಕ್ಷಮಿಸಲಾರರು. ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲಿ, ಬಾಸೆಲ್ ಮಿಶನ್ನಿನಿಂದ ಬಂದವರು. ಧರ್ಮಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರ ಬಾಳಿನ ಬಹುಭಾಗ ತಿಂದದ್ದು ಕನ್ನಡ. ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು. 1864ರಲ್ಲಿ ಹೆಂಡತಿ ಇಲ್ಲಿಯೇ ತೀರಿಕೊಂಡರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಸುಮಾರು 70,000 ಶಬ್ದ, 1,700ಕ್ಕೂ ಮಿಕ್ಕ ಪುಟ. ಕಿಟ್ಟೆಲರು 1903ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಣ್ಣು ಮುಚ್ಚಿದರು. ಒಂದೊಂದು ಶಬ್ದಕ್ಕೆ ಒಂದೊಂದು ಚೀಟಿ ಬರೆದರೂ ಎಷ್ಟು ಸಂಜೆಗಳು ಹೋಗಿರಬೇಕು! ನಾವು ಲೈಬ್ರರಿಯಲ್ಲಿ ಒಂದು ಶಬ್ದ ಹುಡುಕುವಾಗ ಆ ಸಂಜೆಗಳಲ್ಲೊಂದನ್ನು ಖರ್ಚು ಮಾಡುತ್ತಿರುತ್ತೇವೆ.

ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂಬ ಪಾಠವಿದೆ. ಒಂದನ್ನು ಆರಿಸಿದಾಗ, ಅದರ ಬದಲು ಆರಿಸಬಹುದಾಗಿದ್ದ ಅತ್ಯುತ್ತಮವಾದ ಇನ್ನೊಂದು ಕೈಬಿಟ್ಟು ಹೋಗುತ್ತದಲ್ಲ, ಅದೇ ಅದರ ನಿಜವಾದ ಬೆಲೆ. ಆಂಡ್ರ್ಯೂಸರಿಗೆ ಕುರ್ಚಿ, ಮುಲ್ಲರರಿಗೆ ಗೆಲುವಿನ ತೃಪ್ತಿ, ಕಿಟ್ಟೆಲರಿಗೆ ಸಂಜೆಗಳು. ಬೇಡವಾದ ಹಳೇ ಅಂಗಿಯನ್ನು ದಾನ ಮಾಡಿದರೆ ಅವಕಾಶ ವೆಚ್ಚ ಸೊನ್ನೆ. ಒಳ್ಳೆಯ ಕೆಲಸವೇ, ಆದರೆ ತ್ಯಾಗವಲ್ಲ.

ಯಾವುದು ತ್ಯಾಗವಲ್ಲ?

ಈಗ ಭಾಗೀರಥಿಯ ಹತ್ತಿರ ಮರಳೋಣ. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸಿದ, ನೀರು ಬೀಳಲಿಲ್ಲ. ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂದು ಹೊತ್ತಿಗೆ ನೋಡಿದವರು ಹೇಳಿದರು. ಹಿರಿಯವರನ್ನೆಲ್ಲ ಬಿಟ್ಟು ಕಿರಿಸೊಸೆಯ ಹೆಸರು ಬಂತು. ಪಕ್ಕದಲ್ಲೇ ಇನ್ನೊಂದು ಕಥೆ ಇಟ್ಟು ನೋಡಿ: ಪುಣ್ಯಕೋಟಿ. ಅದೂ ಸಾವಿನ ಕಡೆಗೇ ನಡೆಯಿತು. ಆದರೆ ಕೊಟ್ಟ ಮಾತು ತನ್ನದು, ನಡೆದ ಕಾಲು ತನ್ನದು, ಬೇಡವೆಂದರೆ ದೊಡ್ಡಿಯಲ್ಲೇ ಉಳಿಯಬಹುದಿತ್ತು. ಭಾಗೀರಥಿಗೆ ಆ ಆಯ್ಕೆ ಎಲ್ಲಿತ್ತು? ನೀರು ಇಡೀ ಊರಿಗೆ, ಬೆಲೆ ಮಾತ್ರ ಮನೆಯಲ್ಲಿ ಎಲ್ಲರಿಗಿಂತ ದನಿ ಕಡಿಮೆಯಿದ್ದವಳಿಗೆ.

ನಮ್ಮ ಲೆಕ್ಕಶಾಸ್ತ್ರದ ಮೊದಲ ಪಾಠದಲ್ಲಿ ವೈಯಕ್ತಿಕ ಖಾತೆಯ ನಿಯಮವೊಂದು ಬರುತ್ತದೆ: ಪಡೆದವನ ಖಾತೆಗೆ ಖರ್ಚು, ಕೊಟ್ಟವನ ಖಾತೆಗೆ ಜಮಾ. ಒಬ್ಬನ ಗಂಟನ್ನು ಇನ್ನೊಬ್ಬ ಎತ್ತಿಕೊಂಡು, ಪುಸ್ತಕದಲ್ಲಿ ‘ದಾನ ಬಂತು’ ಎಂದು ಬರೆದರೆ ಲೆಕ್ಕಪರಿಶೋಧಕ ಏನನ್ನುತ್ತಾನೆ? ಕಳವು ಅನ್ನುತ್ತಾನೆ. ಇನ್ನೊಬ್ಬರ ಕೈ ಹಿಡಿದು ಬರೆಸಿದ ತ್ಯಾಗವೂ ಹಾಗೆಯೇ. ಮನೆಯಲ್ಲಿ ತಾಯಿಯಿಂದ, ಅಕ್ಕನಿಂದ, ಸೊಸೆಯಿಂದ ನಾವು ಹೀಗೆ ಎಷ್ಟು ಬರೆಸಿಕೊಂಡಿದ್ದೇವೋ! ಚರ್ಚುಗಳಲ್ಲೂ ಈ ತಪ್ಪು ನಡೆಯುತ್ತದೆ. ಹೊಡೆಯುವ ಗಂಡನನ್ನು ಸಹಿಸಿಕೊಳ್ಳುವುದೇ ನಿನ್ನ ಶಿಲುಬೆ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರನ್ನು ನಾನೇ ಕೇಳಿದ್ದೇನೆ. ಶಿಲುಬೆ ತಾನಾಗಿ ಹೊರುವುದು. ಇನ್ನೊಬ್ಬರ ಹೆಗಲಿಗೆ ಏರಿಸುವವನು ಕ್ರಿಸ್ತನ ಪಕ್ಷದವನಲ್ಲ, ರೋಮನ್ ಸಿಪಾಯಿಯ ಪಕ್ಷದವನು.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ಅತ್ತೆಯಿಂದ ಹೊಳೆದದ್ದು.

2021ರ ಏಪ್ರಿಲ್, ಮೇ ತಿಂಗಳ ದಿಲ್ಲಿ ನಿಮಗೂ ಗೊತ್ತು. ಆಕ್ಸಿಜನ್ ಇಲ್ಲ, ಹಾಸಿಗೆ ಇಲ್ಲ. ಗುರುದ್ವಾರಗಳ ಮುಂದೆ ಆಕ್ಸಿಜನ್ ಲಂಗರು ಹಾಕಿದ್ದರು. ಆಗ ನಾನು ಬೆಟಗೇರಿಯಲ್ಲಿ ಹತ್ತನೆಯ ತರಗತಿ. ಅತ್ತೆ ಇಲ್ಲಿ ಒಂದರ ಮೇಲೊಂದು ಪಾಳಿ ಮಾಡುತ್ತಿದ್ದಳು. ಫೋನಿನಲ್ಲಿ ಮಾತಾಡುತ್ತಲೇ ನಿದ್ದೆ ಹೋಗಿಬಿಡುತ್ತಿದ್ದಳು. ಅಲೆ ಇಳಿದ ಮೇಲೆ ಹೆಚ್ಚಿನ ಪಾಳಿಗಳ ಹಣ ಕೇಳಿದರೆ ಆಸ್ಪತ್ರೆಯ ಆಡಳಿತದವರು, “ಸಿಸ್ಟರ್, ಇದು ಸೇವೆ ಅಲ್ಲವೇ?” ಅಂದರಂತೆ. ಗೋಡೆಗೆ ಚಪ್ಪಾಳೆಯ ಚಿತ್ರ ಅಂಟಿಸಿದರಂತೆ.

ಅಷ್ಟರಲ್ಲಾಗಲೇ ನರ್ಸುಗಳ ಸಂಬಳದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿತ್ತು. ಕೋರ್ಟಿನ 2016ರ ಆದೇಶದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತ್ತು. ಶಿಫಾರಸು ಬೇರೆ, ಕೈಗೆ ಬರುವ ಸಂಬಳ ಬೇರೆ. ಅತ್ತೆಯೂ ಅವಳ ಜೊತೆಯವರೂ ಪಾಳಿಗಳ ಪಟ್ಟಿ ಮಾಡಿ, ಅರ್ಜಿ ಬರೆದು, ಮತ್ತೆ ಮತ್ತೆ ಹೋಗಿ ಕುಳಿತರು. ಆರು ತಿಂಗಳ ಮೇಲೆ ಅರ್ಧ ಬಂತು.

ಸಮಾರ್ಯದವನು ಛತ್ರದವನಿಗೆ ದುಡ್ಡು ಕೊಟ್ಟಿದ್ದನೆಂದು ಹೇಳಿದೆನಲ್ಲ, ಅದು ಇದಕ್ಕೇ. ತಾನು ತ್ಯಾಗ ಮಾಡುವವನು ಇನ್ನೊಬ್ಬನ ಕೂಲಿಯನ್ನು ನುಂಗುವುದಿಲ್ಲ.

ಕಪಾಟಿನಲ್ಲಿ ಸಿಕ್ಕ ಕಾಗದ

ನಮ್ಮಪ್ಪ 2020ರಲ್ಲಿ ತೀರಿಕೊಂಡರು. ಮರುವರ್ಷದ ಕೊನೆಗೆ ಅಜ್ಜಿಗೆ ಲಕ್ವ ಹೊಡೆಯಿತು. ನಾನು ದಿಲ್ಲಿಗೆ ಓದಲು ಬಂದ ಮೇಲೆ ಒಂದು ದಿನ ಕಾಲೇಜಿಗೆ ಬೇಕಾದ ದಾಖಲೆ ಹುಡುಕುತ್ತ ಅತ್ತೆಯ ಕಪಾಟು ತೆಗೆದೆ. ಹೊರದೇಶದ ಆಸ್ಪತ್ರೆಯೊಂದರ ನೇಮಕಾತಿಯ ಕಾಗದ ಸಿಕ್ಕಿತು. 2022ರ ತಾರೀಖು. ಇಲ್ಲಿಯದಕ್ಕಿಂತ ಎಷ್ಟೋ ಪಾಲು ಸಂಬಳ. ಇಂಗ್ಲಿಷ್ ಪರೀಕ್ಷೆ ಪಾಸಾದ ಸರ್ಟಿಫಿಕೇಟೂ ಜೊತೆಗಿತ್ತು. ಹೋಗಿರಲಿಲ್ಲ. ಹೋಗಿದ್ದರೆ ವರ್ಷಗಟ್ಟಲೆ ಬರಲಾಗುತ್ತಿರಲಿಲ್ಲ. ಇಲ್ಲಿಂದಾದರೆ ಅಜ್ಜಿಗೆ ಏನಾದರೂ ಆದರೆ ರೈಲು ಹತ್ತಿ ಹೋಗಬಹುದು. ನನ್ನ ಫೀಸನ್ನೂ ಅವಳೇ ಕಟ್ಟುತ್ತಿದ್ದಾಳೆ.

ಕೈ ನಡುಗಿತು. ಇಷ್ಟು ದಿನ ಭಾಗೀರಥಿಯ ಪರವಾಗಿ ಭಾಷಣ ಬಿಗಿಯುತ್ತಿದ್ದವನು ನಾನು. ನಾನು ಕುಡಿಯುತ್ತಿರುವ ನೀರು ಯಾವ ಕೆರೆಯದು?

ರಾತ್ರಿ ಪಾಳಿ ಮುಗಿಸಿ ಬಂದವಳನ್ನು ಕೇಳಿಯೇಬಿಟ್ಟೆ. “ಅತ್ತಿ, ನನ್ನ ಸಲುವಾಗಿ, ಅಜ್ಜಿ ಸಲುವಾಗಿ ನೀ ಹೋಗೋದು ಬಿಟ್ಟೇನು? ನಾವೇ ನಿನ್ನ ಕೆರಿಗೆ ಹಾಕಿದಂಗ ಆತಲ್ಲ?”

ಅತ್ತೆ ಚಪ್ಪಲಿ ಬಿಚ್ಚುತ್ತ ನಕ್ಕಳು. “ಹುಚ್ಚಪ್ಪಾ, ನನ್ನ ಯಾರು ಕೆರಿಗೆ ಹಾಕ್ತಾರೋ? ನಿಮ್ಮಜ್ಜಿ ‘ಹೋಗವಾ’ ಅಂತ ಕೈಸನ್ನಿ ಮಾಡಿ ಹೇಳಿದ್ಲು. ನಿಮ್ಮವ್ವನೂ ಹೋಗು ಅಂದ್ಲು. ಬಾಗಲಾ ತೆರದಿತ್ತು. ನಾನs ಕುಂತೆ. ಕುಂತದ್ದಕ್ಕ ಒಂದೆರಡು ದಿನ ಅತ್ತೆ, ಅದೂ ಖರೇ. ಆದರ ಕುಂತವಳು ನಾನು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ಒಂದು ಮಾತ ನೆನಪಿಡು ತಮ್ಮಾ. ಇದನ್ನ ಬೇಕಾರ ತ್ಯಾಗ ಅನ್ನು, ನಾ ಏನೂ ಅನ್ನಂಗಿಲ್ಲ. ಆದರ ದವಾಖಾನ್ಯಾಗ ಡಬಲ್ ಡ್ಯೂಟಿ ಮಾಡಿಸಿ ರೊಕ್ಕ ಕೊಡಲಿಲ್ಲಲ್ಲ, ಅದನ್ನ ಮಾತ್ರ ತ್ಯಾಗ ಅನಬ್ಯಾಡ. ಅದು ಬಾಕಿ.”

ಗೆಳೆಯರೇ, ಎರಡು ವರ್ಷ ಲೆಕ್ಕಶಾಸ್ತ್ರ ಓದಿದ ನನಗೆ ಈ ಭೇದ ಇಷ್ಟು ಚೊಕ್ಕಟವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗಿನ ಕಾಲದಲ್ಲಿ ಹೇಗೆ?

ಇಷ್ಟರಿಂದ ನನಗೆ ತಿಳಿದದ್ದನ್ನು ಹೇಳುತ್ತೇನೆ. ತ್ಯಾಗವೆನಿಸಬೇಕಾದರೆ ಮೂರು ಬೇಕು: ಬಿಟ್ಟದ್ದು ತನ್ನದಾಗಿರಬೇಕು, ತಾನೇ ಬಿಟ್ಟಿರಬೇಕು, ಅದು ಇನ್ನೊಬ್ಬರಿಗೆ ತಲುಪಬೇಕು. ಕ್ರೈಸ್ತ ನಂಬಿಕೆ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಕೊಟ್ಟವನು ತನ್ನ ಖಾತೆಗೆ ಜಮಾ ಬರೆದುಕೊಳ್ಳಬಾರದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂಬ ಯೇಸುವಿನ ಬೋಧನೆಯ ಅರ್ಥ ಇದೇ ಇರಬೇಕು. ಪಡೆದವನು ಬೇಕಾದರೆ ಬರೆದಿಟ್ಟುಕೊಳ್ಳಲಿ, ಅವನಿಗೆ ಅದು ಒಳ್ಳೆಯದು. ಆದರೆ ಕೊಟ್ಟವನು ಬರೆದಿಟ್ಟುಕೊಂಡರೆ ಮುಂದೊಂದು ದಿನ ವಸೂಲಿಗೆ ಬರುತ್ತಾನೆ.

ಇವತ್ತಿನ ಬದುಕಿನಲ್ಲಿ ನಮ್ಮ ಹತ್ತಿರ ಬಿಡಲು ಏನಿದೆ? ಹಣ ಕಡಿಮೆ. ಆದರೆ ಸಮಯವಿದೆ. ರ್‍ಯಾಂಕು ಇದೆ, ‘ನಾನೇ ಸರಿ’ ಎಂಬ ಹಟವಿದೆ, ಸೇಡಿದೆ. ಕೊನೆಯದೇ ಬಹಳ ಕಷ್ಟದ್ದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು. ಹೇಳಿ ತಕ್ಷಣ ಊರಿಗೆ ಹೊರಟುಹೋಗಲಿಲ್ಲ. 2004ರವರೆಗೆ ಬಾರಿಪದಾದಲ್ಲೇ ಇದ್ದು ಅದೇ ರೋಗಿಗಳ ಸೇವೆ ಮಾಡಿದರು. 2005ರಲ್ಲಿ ನಮ್ಮ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ನ್ಯಾಯಾಲಯ ತನ್ನ ಕೆಲಸ ಮಾಡಿತು, ಅವರು ತಮ್ಮದನ್ನು ಮಾಡಿದರು. ಕ್ಷಮೆ ಎಂದರೆ ಕಾನೂನಿಗೆ ಬೀಗ ಹಾಕುವುದಲ್ಲ, ತನ್ನ ಪಾಲಿಗೆ ಬಂದ ಸೇಡಿನ ಹಕ್ಕನ್ನು ಬಿಡುವುದು.

ಇದೆಲ್ಲ ಕ್ರೈಸ್ತರ ಗುತ್ತಿಗೆ ಎಂದು ಮಾತ್ರ ತಿಳಿಯಬೇಡಿ. ನಮ್ಮ ವಸಂತ್ ಕುಂಜ್‌ನಲ್ಲೇ ಬೆನ್ನುಹುರಿಯ ಗಾಯಾಳುಗಳ ದೊಡ್ಡ ಆಸ್ಪತ್ರೆಯಿದೆ. ಅದನ್ನು ಕಟ್ಟಿದವರು ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ, ಸಿಖ್ಖರು. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಿದವರು. ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿ ಹಿಡಿದರು. ತಮಗಾದ ನೋವನ್ನು ತಮಗೇ ಇಟ್ಟುಕೊಳ್ಳದೆ ಇನ್ನೊಬ್ಬರ ಚಿಕಿತ್ಸೆಗೆ ದಾರಿ ಮಾಡಿದರು. 2022ರಲ್ಲಿ ತೀರಿಕೊಂಡರು. ನಮ್ಮ ಶರಣರ ದಾಸೋಹದ ವಿಚಾರವೂ ಇದೇ ಊರಿನ ಇನ್ನೊಂದು ಓಣಿ. ನನ್ನ ಮನೆಯ ಬಾಗಿಲು ಕ್ರಿಸ್ತನ ಕಡೆಯಿಂದ ತೆರೆಯುತ್ತದೆ, ಅಷ್ಟೇ ವ್ಯತ್ಯಾಸ.

ನನ್ನ ಲೆಕ್ಕ

ಇನ್ನು ನನ್ನ ಖಾತೆ ತೋರಿಸದೆ ಮುಗಿಸಿದರೆ ವಂಚನೆಯಾದೀತು. ಮೊದಲ ವರ್ಷದಲ್ಲಿ ನಮ್ಮ ತರಗತಿಗೆ ರಾಯಚೂರು ಕಡೆಯ ಒಬ್ಬ ಹುಡುಗ ಬಂದ. ಅವನೂ ಕನ್ನಡ ಮಾಧ್ಯಮದವನು. ಲೆಕ್ಕಶಾಸ್ತ್ರದ ಇಂಗ್ಲಿಷ್ ಅವನಿಗೆ ಕಬ್ಬಿಣದ ಕಡಲೆ. ನಾನು ಪಿಯುಸಿಯಲ್ಲಿಯೇ ಒದ್ದಾಡಿ, ಒಂದೊಂದು ಇಂಗ್ಲಿಷ್ ಶಬ್ದಕ್ಕೂ ಕನ್ನಡ ಅರ್ಥ ಬರೆದ ನೋಟುಬುಕ್ಕು ಮಾಡಿಟ್ಟುಕೊಂಡಿದ್ದೆ. ಪರೀಕ್ಷೆಗೆ ಹದಿನೈದು ದಿನ ಮುಂಚೆ ಅವನು ಕೇಳಿದ. “ಊರಲ್ಲೇ ಬಿಟ್ಟು ಬಂದೀನಿ” ಅಂದೆ. ಆ ನೋಟುಬುಕ್ಕು ನನ್ನ ಚೀಲದಲ್ಲೇ ಇತ್ತು. ಅವನು ಆ ಪೇಪರಿನಲ್ಲಿ ಫೇಲಾದ. ನನಗೆ ತರಗತಿಯಲ್ಲಿ ಮೂರನೇ ಸ್ಥಾನ ಬಂತು. ಅತ್ತೆ ಆ ಸಂತೋಷಕ್ಕೆ ಕೇಸರಿಬಾತು ಮಾಡಿದಳು.

ಹೊರದೇಶದ ಸಂಬಳ ಬಿಟ್ಟವಳ ಅನ್ನ ಉಂಡು, ಒಂದು ನೋಟುಬುಕ್ಕು ಬಿಡಲಾರದೆ ಹೋದೆ. ಆ ಕಾಗದ ಕಪಾಟಿನಲ್ಲಿ ಸಿಕ್ಕ ಮರುದಿನ ಅವನ ಹತ್ತಿರ ಹೋಗಿ ನಿಜ ಹೇಳಿದೆ. ಅವನು ಬೈದ. ಎರಡು ವಾರ ಮಾತಾಡಲಿಲ್ಲ. ಅದು ನನಗೆ ತಕ್ಕದ್ದೇ. ಆಮೇಲೆ ಒಂದು ದಿನ ತಾನೇ ಬಂದು, “ಪುಸ್ತಕ ತೊಗೊಂಡ್ ಬಾ” ಅಂದ. ಈ ವರ್ಷ ಪ್ರತಿ ಗುರುವಾರ ಇಬ್ಬರೂ ಕೂತು ಓದುತ್ತೇವೆ. ಹಿಂದುಳಿದಿದ್ದ ಪೇಪರನ್ನು ಅವನು ಪಾಸು ಮಾಡಿಕೊಂಡ. ಕಾಸ್ಟ್ ಅಕೌಂಟಿಂಗಿನಲ್ಲಿ ನನಗಿಂತ ಆರು ಅಂಕ ಹೆಚ್ಚು ತೆಗೆದ. ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳು ಹೇಳುವುದಿಲ್ಲ. ಇದನ್ನು ತ್ಯಾಗ ಎಂದು ಕರೆಯುವ ಧೈರ್ಯ ನನಗಿಲ್ಲ. ಅತ್ತೆಯ ಮಾತಿನಲ್ಲಿ ಹೇಳುವುದಾದರೆ ಇದು ಬಾಕಿ, ನಾನು ತೀರಿಸುತ್ತಿರುವ ಬಾಕಿ. ಅದು ತೀರಿದ ಮೇಲೆ ಕೊಡುವುದು ಶುರುವಾಗಬೇಕು.

ಮೆಟ್ಟಿಲ ಮೇಲೆ ಪ್ರಶ್ನೆ ಕೇಳಿದ ಗೆಳೆಯನಿಗೆ ಇದೇ ನನ್ನ ಉತ್ತರ. ಶಿಲುಬೆ ಹೊತ್ತುಕೊಂಡು ಮೆಟ್ರೋ ಹತ್ತಬಹುದಪ್ಪಾ. ರಾತ್ರಿ ಪಾಳಿ ಮುಗಿಸಿದ ನರ್ಸುಗಳು ಬೆಳಗಿನ ಗಾಡಿಯಲ್ಲಿ ಸರಳು ಹಿಡಿದು ನಿದ್ದೆ ತೂಗುತ್ತಿರುತ್ತಾರೆ. ನಮಗೆ ಕಾಣುವುದಿಲ್ಲ, ಅಷ್ಟೆ. ಕಂಡರೆ ಎದ್ದು ಜಾಗ ಬಿಟ್ಟುಕೊಡು.

ಕೊನೆಗೊಂದು ಸೂಚನೆ. ಗುರುವಾರ ಸಂಜೆ ಐದಕ್ಕೆ ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿನಲ್ಲಿ ನಾವಿಬ್ಬರೂ ಇರುತ್ತೇವೆ. ಕನ್ನಡ ಮಾಧ್ಯಮದಿಂದ ಬಂದು ಲೆಕ್ಕಶಾಸ್ತ್ರದ ಇಂಗ್ಲಿಷಿಗೆ ಹೆದರಿದವರು ಯಾರಾದರೂ ಇದ್ದರೆ ಬನ್ನಿ. ನೋಟುಬುಕ್ಕು ಬೆಂಚಿನ ಮೇಲೆಯೇ ಇರುತ್ತದೆ.